ಎರಡನೆಯ ತೊಟ್ಟಿಯ ವೈನ್

ಫೆಬ್ರವರಿ ೯

ಜ್ವರ ಬಿಟ್ಟು ಐದು ದಿನವಾಯಿತು. ಕೆಮ್ಮು ಹೋಗಿದೆ, ಕಾಲಿಗೆ ಬಲ ಬಂದಿದೆ. ಆದರೆ ಬೆಳಿಗ್ಗೆ ಕಾಫಿ ಕುಡಿದರೆ ಬಿಸಿನೀರು ಕುಡಿದ ಹಾಗಿತ್ತು. ಪುಡಿ ಹಳತಾಗಿರಬೇಕು ಎಂದುಕೊಂಡು ಹೊಸ ಪೊಟ್ಟಣ ಒಡೆದೆ. ಅದೂ ಬಿಸಿನೀರೇ. ಮೂಗು ಕಟ್ಟಿಲ್ಲ, ಉಸಿರು ಸರಾಗವಾಗಿ ಆಡುತ್ತಿದೆ. ಉಸಿರಿನ ಜೊತೆ ಮಾತ್ರ ಏನೂ ಬರುತ್ತಿಲ್ಲ.

ವೈನ್ ಮನೆಗೆ ಹೋಗಿ ನೆಲದಡಿಯ ಮೂರು ತೊಟ್ಟಿಗಳ ಮುಚ್ಚಳವನ್ನೂ ಒಂದೊಂದಾಗಿ ಎತ್ತಿದೆ. ಮಂಡಿಯೂರಿ ಮುಖ ಒಡ್ಡಿದೆ. ಸೆಪ್ಟೆಂಬರಿನಲ್ಲಿ ಕೊಯ್ದ ದ್ರಾಕ್ಷಿ, ಚಳಿಗಾಲವಿಡೀ ತನ್ನ ತಳದ ಗಸಿಯ ಮೇಲೆ ಮಲಗಿರುವ ವೈನ್. ಈ ಹೊತ್ತಿಗೆ ಅದು ಹುದುಗಿದ ಹಿಟ್ಟಿನ ಹಾಗೆ, ಹಸಿ ಸೇಬಿನ ಹಾಗೆ ಮೇಲೆದ್ದು ಬರಬೇಕಿತ್ತು. ಬಂದದ್ದು ತಣ್ಣನೆಯ ಗಾಳಿ ಮಾತ್ರ.

ಜೊಯೆಲ್‌ಗೆ ಹೇಳಲಿಲ್ಲ. ನನ್ನ ಗಂಡನಿಗೆ ಬಳ್ಳಿ ಗೊತ್ತು, ಮಣ್ಣು ಗೊತ್ತು. ರಸ ತೊಟ್ಟಿಗೆ ಇಳಿದ ಮೇಲೆ ಎಲ್ಲವೂ ನನ್ನ ಮೂಗಿಗೆ ಬಿಟ್ಟದ್ದು. ಇಪ್ಪತ್ತಾರು ವರ್ಷದಿಂದ ನಡೆದುಬಂದದ್ದು ಹೀಗೇ.

ಫೆಬ್ರವರಿ ೧೨

ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ಕೆಲವರಿಗೆ ಜ್ವರದ ನಂತರ ಹೀಗಾಗುತ್ತದೆ ಎಂದರು. ನಾಲ್ಕು ಡಬ್ಬಿ ಇಟ್ಟುಕೊಳ್ಳಬೇಕಂತೆ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ದಿನಕ್ಕೆರಡು ಸಲ ಮೂಸಬೇಕು, ಮೂಸಿದ್ದನ್ನು ಬರೆದಿಡಬೇಕು.

"ವಾಪಸ್ ಬರುತ್ತಾ?" ಎಂದೆ.

"ಬರಬಹುದು."

"ಎಷ್ಟು ದಿನಕ್ಕೆ?"

"ನೀವು ಏನು ಕೆಲಸ ಮಾಡ್ತೀರಿ?" ಎಂದು ಅವರೇ ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಅದಕ್ಕೆ ಈ ಪುಸ್ತಕವೇ ಸಾಕು. ಇಂದು: ಗುಲಾಬಿ ಇಲ್ಲ. ನಿಂಬೆ ಇಲ್ಲ. ಲವಂಗ ಇಲ್ಲ. ನೀಲಗಿರಿ, ಮೂಗಿನ ಮೇಲ್ಭಾಗದಲ್ಲಿ ಒಂದು ತಂಪು. ಅದು ವಾಸನೆಯಲ್ಲ.

ಫೆಬ್ರವರಿ ೧೫

ನಾಲ್ಕೂ ಇಲ್ಲ.

ಫೆಬ್ರವರಿ ೧೮

ನಾಲ್ಕೂ ಇಲ್ಲ. ಊರೂರಿಗೆ ಬಂದು ಬಾಟಲಿ ತುಂಬಿಕೊಡುವ ಲಾರಿಯವರು ಫೋನ್ ಮಾಡಿದ್ದರು. ಏಪ್ರಿಲ್ ಇಪ್ಪತ್ತೊಂದು ನಮ್ಮ ಸರದಿ. ಯಾವ ತೊಟ್ಟಿಯದ್ದನ್ನು ಬಾಟಲಿಗೆ ತುಂಬಬೇಕು, ಯಾವುದನ್ನು ಬಿಡಬೇಕು ಎಂದು ಅಷ್ಟರಲ್ಲಿ ಹೇಳಬೇಕು. "ಆಗಲಿ" ಎಂದೆ.

ಮೇ ತಿಂಗಳ ಮೊದಲ ವಾರ ಎಸ್ತೆಲ್ ಬರುತ್ತಾಳೆ. ಲ್ವಾರ್ ನದಿಯ ದಂಡೆಯ ಮೇಲೆ ಅವಳ ಊಟದ ಮನೆ. ವರ್ಷಕ್ಕೊಂದೇ ಬಿಳಿ ವೈನ್ ಆರಿಸಿ ಎಲ್ಲ ಮೀನಿಗೂ ಅದನ್ನೇ ಕೊಡುತ್ತಾಳೆ. ಹೋದ ವರ್ಷ ನಮ್ಮದನ್ನು ಬಿಟ್ಟು ಬೇರೆಯವರದ್ದನ್ನು ಆರಿಸಿದಳು. ಈ ವರ್ಷವೂ ಬಿಟ್ಟರೆ ನಾಂತ್ ಪೇಟೆಯ ಉಳಿದ ಊಟದ ಮನೆಯವರೂ ಅವಳ ಹಿಂದೆಯೇ ಹೋಗುತ್ತಾರೆ.

ಫೆಬ್ರವರಿ ೨೩

ಇವತ್ತು ಸಿಕ್ಕಿಬಿದ್ದೆ.

ಒಲೆಯ ಮೇಲೆ ಹಾಲಿಟ್ಟು ಪಕ್ಕದಲ್ಲೇ ನಿಂತು ಲಾರಿಯವರ ಕಾಗದ ಓದುತ್ತಿದ್ದೆ. ಅಂಗಳದಾಚೆಯ ಮನೆಯಿಂದ ಜೊಯೆಲ್‌ನ ತಾಯಿ ಓಡಿಬಂದರು. ಎಂಬತ್ತೆರಡು ವರ್ಷ, ಓಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

"ಸೀದ ವಾಸನೆ ನನ್ನ ಮಂಚದ ತನಕ ಬಂತು, ನೀನಿಲ್ಲಿ ಕಂಬದ ಹಾಗೆ ನಿಂತಿದ್ದೀಯಲ್ಲ!"

ಪಾತ್ರೆಯ ತಳ ಕಪ್ಪಾಗಿತ್ತು. ಅವರು ಒಲೆ ಆರಿಸಿ ನನ್ನ ಮುಖ ನೋಡಿದರು. ಆಮೇಲೆ ಕಿಟಕಿಯ ಕಟ್ಟೆಯ ಮೇಲಿದ್ದ ನಾಲ್ಕು ಡಬ್ಬಿ ನೋಡಿದರು. ಒಂದನ್ನು ತೆಗೆದು ಮೂಸಿದರು.

"ಎಷ್ಟು ದಿನ ಆಯ್ತು?"

"ಎರಡು ವಾರ ದಾಟಿತು."

"ಜೊಯೆಲ್‌ಗೆ ಗೊತ್ತಾ?"

"ಇಲ್ಲ."

"ಹೂಂ" ಎಂದು ಒಲೆ ಉಜ್ಜತೊಡಗಿದರು. ಉಜ್ಜಿ ಮುಗಿಸಿ ಹೋದರು.

ಮದುವೆಯಾಗಿ ಬಂದ ಮೊದಲ ದಿನ, ನಾನು ವೈನ್ ಓದಿ ಬಂದವಳೆಂದು ಕೇಳಿ ಅವರು "ಓಹೋ, ಪುಸ್ತಕದ ಮೂಗು" ಎಂದಿದ್ದರು. ಅಂದಿನಿಂದ ನಾವಿಬ್ಬರೂ ಹವೆಯ ಬಗ್ಗೆ ಮಾತಾಡುತ್ತೇವೆ, ಒಣಹಾಕಿದ ಬಟ್ಟೆಯ ಬಗ್ಗೆ ಮಾತಾಡುತ್ತೇವೆ. ನಾಳೆ ಮಗನಿಗೆ ಹೇಳದೆ ಇರುವುದಿಲ್ಲ. ಹೇಳಿಕೊಳ್ಳಲಿ.

ಫೆಬ್ರವರಿ ೨೪

ಹೇಳಲಿಲ್ಲ. ಹನ್ನೊಂದು ಗಂಟೆಗೆ ಒಂದು ಪುಟ್ಟ ಬುಟ್ಟಿ ಸಿಂಪಿ ಹೊತ್ತು ಬಂದರು. ಕೊಲ್ಲಿಯ ಸಿಂಪಿ, ಮೇಲೆ ಕಡಲ ಪಾಚಿ ಹಸಿರಾಗಿ ಅಂಟಿಕೊಂಡಿತ್ತು.

"ನಾಲಿಗೆ ಇದೆಯೋ, ಅದೂ ಹೋಯ್ತೋ?"

"ಇದೆ. ಉಪ್ಪು, ಹುಳಿ ಗೊತ್ತಾಗುತ್ತೆ."

"ಹಾಗಾದ್ರೆ ಅರ್ಧ ಆಸ್ತಿ ಉಳಿದಿದೆ. ವೈನ್ ತಾ."

ಎರಡನೆಯ ತೊಟ್ಟಿಯಿಂದ ಒಂದು ಹೂಜಿ ತಂದೆ. ಮೊದಲು ವೈನ್ ಮಾತ್ರ ಕುಡಿದೆ. ವಾಸನೆ ಇಲ್ಲದ ವೈನ್ ಎಂದರೆ ಚಾಕು, ಅಷ್ಟೇ: ಹುಳಿ ನಾಲಿಗೆಯ ಎರಡೂ ಅಂಚು ಕುಯ್ದುಕೊಂಡು ಹೋಯಿತು. ಆಮೇಲೆ ಒಂದು ಸಿಂಪಿ ತೆರೆದು ಒಳಗಿನದನ್ನು ಹಸಿಯಾಗಿಯೇ ನುಂಗಿದೆ. ತಂಪು, ಉಪ್ಪು, ಜಾರಿಕೆ. ಮತ್ತೆ ವೈನ್.

ಈ ಸಲ ಅದು ಬೇರೆಯೇ ಆಗಿತ್ತು. ಅಂಚು ಮಡಚಿಕೊಂಡು ದುಂಡಗಾಗಿತ್ತು. ಹೆಚ್ಚುಕಡಿಮೆ ಸಿಹಿ. ಅದೇ ಹೂಜಿ, ಅದೇ ಲೋಟ. ಉಪ್ಪಿಗೆ ಹುಳಿ ತಗ್ಗುತ್ತದೆ ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಓದಿದ್ದನ್ನು ಹೇಳುತ್ತಿದ್ದೆ ಅಷ್ಟೇ. ಸುವಾಸನೆಯ ಗದ್ದಲದಲ್ಲಿ ಅದನ್ನು ಬಿಡಿಯಾಗಿ ಗಮನಿಸಿಯೇ ಇರಲಿಲ್ಲ. ಆರು ಸಲ ಮಾಡಿ ನೋಡಿದೆ. ಏಳನೆಯ ಸಲಕ್ಕೆ ಸಿಂಪಿ ಮುಗಿದಿತ್ತು.

"ಪರೀಕ್ಷೆ ಮಾಡ್ತಿದ್ದೀಯೋ, ಊಟ ಮಾಡ್ತಿದ್ದೀಯೋ?" ಎಂದರು ಜೊಯೆಲ್‌ನ ತಾಯಿ. "ನನಗೆ ಮೂರೇ ಸಿಕ್ಕಿದ್ದು."

ಡಬ್ಬಿ: ನಾಲ್ಕೂ ಇಲ್ಲ.

ಮಾರ್ಚ್ ೧

ಮೂಲಂಗಿಗೆ ಉಪ್ಪುಬೆಣ್ಣೆ ಹಚ್ಚಿ ತಿಂದು ಕುಡಿದೆ. ಮೂಲಂಗಿಯ ಖಾರ ಮೊದಲು ಬರುತ್ತದೆ, ಬೆಣ್ಣೆ ಅದನ್ನು ಮುಚ್ಚುತ್ತದೆ, ವೈನ್ ಬಂದು ಬೆಣ್ಣೆಯನ್ನು ಗುಡಿಸಿಕೊಂಡು ಹೋಗುತ್ತದೆ. ಖಾರ ಮತ್ತೆ ಅಲ್ಲೇ ನಿಂತಿರುತ್ತದೆ! ತಮಾಷೆಯ ಜೋಡಿ.

ಬೇಯಿಸಿದ ಮೊಟ್ಟೆಯ ಹಳದಿ ವೈನನ್ನು ಒಣ ಗೋಡೆಯ ಹಾಗೆ ಹೀರಿಬಿಟ್ಟಿತು. ಮೇಕೆ ಹಾಲಿನ ಎಳೆಯ ಚೀಸ್ ಒಳ್ಳೆಯ ಗೆಳೆಯ, ಹುಳಿಗೆ ಹುಳಿ ಕೈಕುಲುಕಿತು. ಜೊಯೆಲ್‌ನ ಚಾಕೊಲೇಟ್ ಒಂದು ತುಂಡು ಕದ್ದು ತಿಂದು ನೋಡಿದೆ. ವೈನ್ ತಗಡು ನೆಕ್ಕಿದ ಹಾಗಾಯಿತು. ಉಗಿದೆ. ಆಮೇಲೆ ನಿಜಕ್ಕೂ ಅಷ್ಟು ಕೆಟ್ಟದೇ ಎಂದು ತಿಳಿಯಲು ಇನ್ನೊಂದು ಸಲ ತಿಂದೆ. ನಿಜಕ್ಕೂ ಅಷ್ಟೇ ಕೆಟ್ಟದ್ದು.

ಮಾರ್ಚ್ ೭

ಅತ್ತೆ ದಿನವೂ ಹನ್ನೊಂದಕ್ಕೆ ಬರುತ್ತಾರೆ. ನಾನು ನಾಲಿಗೆ, ಅವರು ಮೂಗು. ಜೊಯೆಲ್ ಆ ಹೊತ್ತಿಗೆ ತೋಟದಲ್ಲಿ ಬಳ್ಳಿ ಕಟ್ಟುತ್ತಿರುತ್ತಾನೆ.

ಅವರು ಹೇಳುವ ವಾಸನೆಗಳು ನನಗೆ ತಲೆನೋವು. ಮೊದಲ ತೊಟ್ಟಿಗೆ "ಬಟಾಣಿ ಸುಲಿದ ಬೆರಳು" ಎಂದರು. ಮೂರನೆಯದಕ್ಕೆ "ಇಸ್ತ್ರಿ ಮಾಡಿದ ತಲೆದಿಂಬಿನ ಬಟ್ಟೆ, ಇನ್ನೂ ಬಿಸಿ ಇರೋವಾಗ."

"ಅತ್ತೆ, ಹಾಗೆ ಯಾರೂ ಹೇಳಲ್ಲ. ಬಿಳಿ ಹೂವು ಅಂತೀವಿ, ನಿಂಬೆ ಜಾತಿಯ ಹಣ್ಣು ಅಂತೀವಿ."

"ಬಿಳಿ ಹೂವು ಅಂದ್ರೆ ಯಾವ ಹೂವು?"

"ಸುಮ್ಮನೆ... ಬಿಳಿ ಹೂವು."

"ಬೇಲಿಯ ಮುಳ್ಳುಗಿಡದ ಹೂವೂ ಬಿಳೀನೇ. ಹತ್ತಿರ ಹೋಗಿ ಮೂಸಿದ್ದೀಯಾ? ಮೀನು ನಾತ ಹೊಡೆಯುತ್ತೆ. ಅದನ್ನ ನಿನ್ನ ಗಿರಾಕಿಗೆ ಹೇಳು, ಕುಡಿತಾನೆ!"

ನಕ್ಕುಬಿಟ್ಟೆ. ಇಷ್ಟು ಸೂಕ್ಷ್ಮ ಮೂಗು ಎಲ್ಲಿ ಕಲಿತಿರಿ ಎಂದು ಕೇಳಿದೆ.

ಹದಿನಾರರಿಂದ ಇಪ್ಪತ್ತೆರಡರವರೆಗೆ ಕಡಲ ದಂಡೆಯ ಮೀನು ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡಿದರಂತೆ. ಅದು ನನಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತು ಬೂತಾಯಿ ಮೀನಿನ ಬುಟ್ಟಿ ಒಂದೊಂದನ್ನೂ ಮೂಸಿ, ಇದು ಒಳಕ್ಕೆ, ಇದು ವಾಪಸ್ಸು ಎಂದು ಹೇಳುವುದೇ ಅವರ ಕೆಲಸವಾಗಿತ್ತು ಎಂಬುದು ಗೊತ್ತಿರಲಿಲ್ಲ. ಇವರಿಗಿಂತ ಎರಡು ಪಟ್ಟು ವಯಸ್ಸಿನ ಬೆಸ್ತರು ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದರಂತೆ.

"ಯಾವತ್ತೂ ಹೇಳಲಿಲ್ಲವಲ್ಲ."

"ಯಾರು ಕೇಳಿದ್ರು? ಮದುವೆಯಾಗಿ ಬಂದೆ, ಮಾವ 'ವೈನ್ ಮನೆ ಗಂಡಸರದ್ದು' ಅಂದ್ರು. ಅಲ್ಲಿಗೆ ಮುಗೀತು. ಆಮೇಲೆ ನೀನು ಬಂದೆ, ಬಂದವಳೇ ಒಳಗೆ ಹೋದೆ." "ಹೊಟ್ಟೆ ಉರಿದಿತ್ತು ನನಗೆ" ಎಂದರು, ಹವೆಯ ಬಗ್ಗೆ ಹೇಳುವ ದನಿಯಲ್ಲೇ.

ಹೂಜಿ ತುಂಬಿಸಿ ತಂದೆ.

ಮಾರ್ಚ್ ೧೧

ಗುಲಾಬಿ ಇಲ್ಲ, ನಿಂಬೆ ಇಲ್ಲ, ಉಳಿದದ್ದೂ ಇಲ್ಲ. ಹೊಗೆ ಹಾಕಿದ ಬಂಗುಡೆ ತಂದಿದ್ದೇನೆ, ನಾಳೆಗೆ.

ಮಾರ್ಚ್ ೧೯

ಇವತ್ತು ಜಗಳ.

ಎರಡನೆಯ ತೊಟ್ಟಿಯ ವೈನ್ ನನ್ನ ನಾಲಿಗೆಗೆ ಮೂರರಲ್ಲೂ ಮೇಲು. ಹೊಳೆಯ ಕಡೆಗೆ ಇಳಿಯುವ ಕಲ್ಲುನೆಲದ ಹಳೆಯ ಬಳ್ಳಿಗಳದ್ದು. ನಾಲಿಗೆಯ ಮೇಲೆ ಉದ್ದವಾಗಿ ಹಾಸಿಕೊಳ್ಳುತ್ತದೆ, ಕೊನೆಯಲ್ಲಿ ಸಣ್ಣಗೆ ಚುಚ್ಚಿ, ಉಪ್ಪು ಬಿಟ್ಟು ಹೋಗುತ್ತದೆ. ನುಂಗಿ ಹತ್ತು ಎಣಿಸಿದರೂ ಅಲ್ಲೇ ಇರುತ್ತದೆ.

ಅತ್ತೆ ಲೋಟವನ್ನು ಮೂಗಿನ ಹತ್ತಿರ ತಂದವರೇ ದೂರ ಹಿಡಿದರು. "ವಾಪಸ್ಸು."

"ಏನು ವಾಪಸ್ಸು?"

"ಬುಟ್ಟಿ ವಾಪಸ್ಸು. ಕೊಳೆತ ಮೊಟ್ಟೆ."

"ಸಾಧ್ಯವೇ ಇಲ್ಲ. ಮೊನ್ನೆ ಚೆನ್ನಾಗಿತ್ತಲ್ಲ."

"ಮೊನ್ನೆ ಮೊನ್ನೆ, ಇವತ್ತು ಇವತ್ತು. ಮೂಗು ಯಾರದ್ದು, ನಿನ್ನದೋ ನನ್ನದೋ?"

"ಇಲ್ಲಿ ಓದಿದವಳು ನಾನು!"

ಮಾತು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಅತ್ತೆ ಶಾಲು ಹೊದ್ದುಕೊಂಡು ಹೊರಟರು. ಬಾಗಿಲಲ್ಲಿ ನಿಂತು, "ನಾನು ಆರು ವರ್ಷದಲ್ಲಿ ಒಂದೇ ಬುಟ್ಟಿ ತಪ್ಪಿದ್ದೇನೆ. ಹೋಗಿ ಪುಸ್ತಕ ತೆಗೆದು ನೋಡು" ಎಂದರು.

ನೋಡಿದೆ. ಪುಸ್ತಕ ಅವರ ಪರವಾಗಿತ್ತು. ಗಾಳಿಯಿಲ್ಲದೆ ಗಸಿಯ ಮೇಲೆ ಬಹಳ ದಿನ ಕುಳಿತ ವೈನ್‌ಗೆ ಹಾಗಾಗುತ್ತದೆ. ನನಗೆ ಗೊತ್ತಿರುವ ವಿಷಯವೇ. ಆದರೆ ಅದೇ ಪುಟದಲ್ಲಿ, ಗಾಳಿ ತಾಗಿದರೆ ಹಲವು ಸಲ ಹೋಗುತ್ತದೆ ಎಂದೂ ಇತ್ತು. ಒಂದು ದೊಡ್ಡ ಲೋಟ ತುಂಬಿಸಿ ಮುಚ್ಚದೆ ಮೇಜಿನ ಮೇಲೆ ಇಟ್ಟಿದ್ದೇನೆ.

ಮಾರ್ಚ್ ೨೦

ಬೆಳಿಗ್ಗೆ ಲೋಟ ಹಿಡಿದು ಅಂಗಳ ದಾಟಿ ಅವರ ಬಾಗಿಲು ತಟ್ಟಿದೆ. ಈ ಮನೆಗೆ ಬಂದಾಗಿನಿಂದ ನಾನಾಗಿ ಆ ಬಾಗಿಲು ತಟ್ಟಿದ್ದು ಬೆರಳೆಣಿಕೆಯಷ್ಟು ಸಲ.

ಕೋಪದ ಮುಖದಲ್ಲೇ ಮೂಸಿದರು. ಮತ್ತೆ ಮೂಸಿದರು. ಕುರ್ಚಿ ಎಳೆದು ಕುಳಿತು ಮೂರನೆಯ ಸಲ ಮೂಸಿದರು.

"ಮೊಟ್ಟೆ ಹೋಯ್ತು. ಈಗ..." ಕಣ್ಣು ಮುಚ್ಚಿದರು. "ದೋಣಿಯ ಹಗ್ಗ. ಬಿಸಿಲಿಗೆ ಒಣಗಿದ್ದು. ಅದರ ಹಿಂದೆ ಪಿಯರ್ ಹಣ್ಣಿನ ಸಿಪ್ಪೆ."

"ಅಂದ್ರೆ ಒಳ್ಳೇದೇ?"

"ಒಳ್ಳೇದು ಅನ್ನೋದು ಸಣ್ಣ ಮಾತು, ಹುಡುಗಿ."

ನನಗೆ ಐವತ್ತೆರಡು. ಹುಡುಗಿ ಎಂದರು.

ಕಾಫಿ ಕೊಟ್ಟರು. ಬಿಸಿನೀರೇ, ಆದರೆ ಅವರ ಬಟ್ಟಲು ತೆಳ್ಳಗೆ, ತುಟಿಗೆ ಹಿತವಾಗಿದೆ. ಎರಡನೆಯ ತೊಟ್ಟಿಯದ್ದನ್ನು ಏಪ್ರಿಲ್‌ನಲ್ಲಿ ಬಾಟಲಿಗೆ ತುಂಬಬಾರದು ಎಂದು ಅಲ್ಲೇ ಇಬ್ಬರೂ ತೀರ್ಮಾನಿಸಿದೆವು. ಕೋಲು ಹಾಕಿ ಕಲಕಬೇಕು, ಉಸಿರಾಡಲು ಬಿಡಬೇಕು, ಬೇಸಿಗೆ ಕಳೆಯಬೇಕು. ಹಾಗಾದರೆ ಜೊಯೆಲ್‌ಗೆ ಹೇಳಲೇಬೇಕು.

ಮಾರ್ಚ್ ೨೨

ಹೇಳಿದೆ. ಊಟದ ಮೇಜಿನಲ್ಲಿ, ಅತ್ತೆ ಅರ್ಲೆಟ್ ಇರುವಾಗಲೇ.

ಜೊಯೆಲ್ ಫೋರ್ಕ್ ಕೆಳಗಿಟ್ಟ. ಮೂಗು ಹೋದ ಸುದ್ದಿಗೆ ಅವನ ಮುಖ ಬಿಳಿಚಿತು. ಆರು ವಾರ ಮುಚ್ಚಿಟ್ಟದ್ದಕ್ಕೆ ಕೆಂಪಾಯಿತು. "ನಾನೇನು ಪರಕೀಯನಾ? ಅಮ್ಮನಿಗೆ ಗೊತ್ತು, ನನಗೆ ಗೊತ್ತಿಲ್ಲ! ನೀವಿಬ್ಬರೂ ಒಂದೇ ಮೇಜಿಗೆ ಕೂತು ಸಿಂಪಿ ತಿಂದಿರಿ ಅಂತ ಬೇರೆ ಯಾರಾದ್ರೂ ಹೇಳಿದ್ರೆ ಅವರನ್ನ ಹುಚ್ಚರು ಅಂತಿದ್ದೆ."

"ನಿನಗೆ ಹೇಳಿದ್ರೆ ನೀನು ಸಂಕಟಪಡ್ತಿದ್ದೆ, ಅಷ್ಟೇ" ಎಂದರು ಅರ್ಲೆಟ್. "ನಾನು ಕೆಲಸ ಮಾಡಿದೆ."

ತೊಟ್ಟಿ ಬಿಡುವ ಮಾತಿಗೆ ಅವನು ಸುಲಭಕ್ಕೆ ಒಪ್ಪಲಿಲ್ಲ. ಇರುವುದರಲ್ಲಿ ಒಳ್ಳೆಯದನ್ನು ಬಿಟ್ಟು ಎಸ್ತೆಲ್‌ಗೆ ಏನು ತೋರಿಸುತ್ತೀರಿ ಎಂದ. ನ್ಯಾಯವಾದ ಪ್ರಶ್ನೆ. "ಅದನ್ನೇ ತೋರಿಸ್ತೇವೆ. ಅರ್ಧ ಬೆಂದದ್ದು ಅಂತ ಹೇಳಿಯೇ ತೋರಿಸ್ತೇವೆ" ಎಂದೆ. ಅವನು ಎದ್ದು ತೋಟಕ್ಕೆ ಹೋದ. ಸಂಜೆ ಬಂದು, ಕಲಕುವ ಕೋಲನ್ನು ತಾನೇ ಉಜ್ಜಿ ತೊಳೆದು ಗೋಡೆಗೆ ಒರಗಿಸಿಟ್ಟ.

ಏಪ್ರಿಲ್ ೨೧

ಲಾರಿ ಬಂತು. ಒಂದು ಮತ್ತು ಮೂರನೆಯ ತೊಟ್ಟಿ ಬಾಟಲಿಗೆ ಹೋದವು. ಬೆನ್ನು ಮುರಿದುಹೋಗಿದೆ. ಅರ್ಲೆಟ್ ಹುರಿದ ಈಲ್ ಮೀನು ಮಾಡಿದ್ದರು. ಗರಿಗರಿ ತೊಗಲು, ಒಳಗೆ ಕೊಬ್ಬು. ಮೇಲೆ ಒಂದು ಗುಟುಕು ಬಿದ್ದರೆ ಬಾಯಿ ತೊಳೆದಿಟ್ಟ ಬಟ್ಟಲಾಗುತ್ತದೆ. ಲಾರಿಯವರೂ ಕೂತು ತಿಂದರು.

ಮೇ ೩

ಎಸ್ತೆಲ್ ಬಂದಳು. ಮುಚ್ಚಿದ ಮೂರು ಪಾತ್ರೆ ಜೊತೆಯಲ್ಲಿ ತಂದಿದ್ದಳು: ಸಣ್ಣ ಈರುಳ್ಳಿ ಮತ್ತು ಬೆಣ್ಣೆಯ ಬಿಳಿ ಸಾರಿನಲ್ಲಿ ಪೈಕ್ ಎಂಬ ಹೊಳೆಮೀನು, ಹುಳಿಸೊಪ್ಪಿನ ಜೊತೆ ಬೇಯಿಸಿದ ಅಲೋಸ್ ಮೀನು, ಕೊನೆಗೆ ಸಣ್ಣ ಸಿಗಡಿ. "ಮಾತು ಬೇಡ, ತಟ್ಟೆ ಹೇಳಲಿ" ಎನ್ನುವವಳು ಅವಳು.

ತಟ್ಟೆ ಹೇಳುವ ಮೊದಲು ನಾನು ಹೇಳಿದೆ. "ಎಸ್ತೆಲ್, ಫೆಬ್ರವರಿಯಿಂದ ನನಗೆ ವಾಸನೆ ಗೊತ್ತಾಗ್ತಿಲ್ಲ."

ಅವಳು ಜೊಯೆಲ್ ಕಡೆ ನೋಡಿದಳು. "ಅಂದ್ರೆ ಈ ವೈನ್ ಯಾರು ನೋಡಿಕೊಂಡಿದ್ದು?"

"ನಾವಿಬ್ಬರು" ಎಂದು ಅರ್ಲೆಟ್‌ರನ್ನು ತೋರಿಸಿದೆ.

ಎಸ್ತೆಲ್ ಕೋಟು ಬಿಚ್ಚಲಿಲ್ಲ. "ಬೇಜಾರು ಮಾಡ್ಕೋಬೇಡ ಮರಿವೊನ್. ಹೋದ ವರ್ಷ ನಿನ್ನ ಮೂಗು ಸರಿಯಿದ್ದಾಗಲೇ ನಿಮ್ಮದನ್ನ ಬಿಟ್ಟೆ. ಈಗ ಹೇಗೆ..."

ಅಷ್ಟರಲ್ಲಿ ಅರ್ಲೆಟ್ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿ ಮೂಸಿದರು. "ಪೈಕ್ ಇವತ್ತು ಬೆಳಗಿನದ್ದು, ಚಿನ್ನದಂಥದ್ದು. ಈ ಅಲೋಸ್ ಮೊನ್ನೆಯದು."

"ನಿನ್ನೆಯದು" ಎಂದಳು ಎಸ್ತೆಲ್.

"ನಿನಗೆ ಮಾರಿದವನು ನಿನ್ನೆ ಮಾರಿದ. ಹಿಡಿದದ್ದು ಮೊನ್ನೆ. ಕೆಟ್ಟಿಲ್ಲ, ತಿನ್ನಬಹುದು. ಹುಳಿಸೊಪ್ಪು ಎಷ್ಟು ಹಾಕಿದ್ರೂ ನನಗೆ ಬಚ್ಚಿಡೋಕಾಗಲ್ಲ, ನೋಡು."

ಎಸ್ತೆಲ್ ಹೊರಗೆ ಹೋಗಿ ಮೀನು ಮಾರಿದವನಿಗೆ ಫೋನ್ ಮಾಡಿದಳು. ಅಂಗಳದಲ್ಲಿ ಅವಳ ದನಿ ಏರಿದ್ದು ಕೇಳಿಸಿತು. ಒಳಗೆ ಬಂದು ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು. "ಬಡಿಸಿ."

ಬಾಟಲಿಗೆ ಹೋದ ಎರಡೂ ವೈನ್ ಕುಡಿದು ತಲೆಯಾಡಿಸಿದಳು. ಆಮೇಲೆ ಎರಡನೆಯ ತೊಟ್ಟಿಯದ್ದನ್ನು ಹೂಜಿಯಲ್ಲೇ ಇಟ್ಟೆ, ಇನ್ನೂ ಮಂಕಾಗಿರುವುದನ್ನು. ಬೆಳಿಗ್ಗೆಯೇ ತೆಗೆದು ಗಾಳಿಗೆ ಬಿಟ್ಟಿದ್ದೆವು. ಬಿಳಿ ಸಾರಿನ ಪೈಕ್ ಜೊತೆ ಒಂದು ಗುಟುಕು. ಅವಳು ಅಗಿಯುವುದನ್ನು ನಿಲ್ಲಿಸಿದಳು.

"ನಿನ್ನ ಸಾರು ನಾಲಿಗೆಗೆ ಕಂಬಳಿ ಹೊದಿಸುತ್ತೆ" ಎಂದೆ. "ಮೊದಲನೇ ವೈನ್ ಕಂಬಳಿಯನ್ನ ಎಳೆದುಬಿಸಾಡುತ್ತೆ. ಇದು ಮಡಚಿ ಇಡುತ್ತೆ. ಅದಕ್ಕೇ ಇನ್ನೊಂದು ತುತ್ತು ಬೇಕು ಅನ್ಸುತ್ತೆ."

"ಅಲೋಸ್‌ಗೆ?"

"ಅಲೋಸ್‌ಗೆ ಬೇಡ. ಹುಳಿಸೊಪ್ಪಿನ ಎದುರು ನಮ್ಮದು ನೀರಾಗುತ್ತೆ. ಸೊಪ್ಪು ಅರ್ಧ ಮಾಡಿ ಕೆನೆ ಹಾಕು, ಇಲ್ಲಾಂದ್ರೆ ಬೇರೆಯವರ ವೈನ್ ಕೊಡು."

ಜೊಯೆಲ್ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಎಸ್ತೆಲ್ ತಿಂದು ನೋಡಿದಳು, ಕುಡಿದು ನೋಡಿದಳು. "ಹೌದು, ನೀರು" ಎಂದಳು. "ಹನ್ನೆರಡು ವರ್ಷ ನಾನಿದನ್ನ ನಿಮ್ಮ ವೈನ್ ಜೊತೆ ಜನಕ್ಕೆ ಕೊಟ್ಟೆ. ನೀನು ಒಂದು ದಿನವಾದ್ರೂ ಹೇಳಿದ್ದುಂಟಾ?"

ಹನ್ನೆರಡು ವರ್ಷ ನನಗೂ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

ಸಿಗಡಿ ಸುಲಿಯುತ್ತಾ ತೀರ್ಮಾನ ಹೇಳಿದಳು. ಈ ಬೇಸಿಗೆಗೆ ಮೂರನೆಯ ತೊಟ್ಟಿಯದ್ದು. ಶರತ್ಕಾಲದಿಂದ ಎರಡನೆಯದು, ಇಡೀ ತೊಟ್ಟಿ, ಬೇರೆ ಯಾರಿಗೂ ಕೊಡಬಾರದು. ಜೊಯೆಲ್ ಎದ್ದು ಹಿತ್ತಲಿಗೆ ಹೋದ. ಸಿಗರೇಟು ಸೇದುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ, ಆದರೂ ಹೋಗಿ ಸುಮ್ಮನೆ ನಿಂತು ಬಂದ.

ಮೇ ೨೦

ಎಸ್ತೆಲ್‌ಳ ಬಡಿಸುವ ಹುಡುಗಿಯರಿಗೆ ವೈನ್ ಬಗ್ಗೆ ಹೇಳಿಕೊಡಲು ನಾವಿಬ್ಬರೂ ಹೋಗಿದ್ದೆವು. ನಾನು ಸುರಿದೆ, ಅರ್ಲೆಟ್ ಹೇಳಿದರು. ಇಸ್ತ್ರಿ ಮಾಡಿದ ತಲೆದಿಂಬಿನ ಬಟ್ಟೆ ಎಂದಾಗ ಒಬ್ಬಳು ಕಿಸಕ್ಕನೆ ನಕ್ಕಳು. ಲೋಟ ಮೂಸಿದ ಮೇಲೆ ಗಂಭೀರವಾಗಿ ಬರೆದುಕೊಂಡಳು. ಈ ಕೆಲಸವನ್ನು ತಿಂಗಳಿಗೊಮ್ಮೆ ಬುಧವಾರ ಮಾಡಬಹುದೇ ಎಂದು ಎಸ್ತೆಲ್ ಕೇಳಿದಳು. "ಬುಧವಾರ ನಮಗೆ ಪುರುಸೊತ್ತಿಲ್ಲ, ಗುರುವಾರ ಬರ್ತೀವಿ" ಎಂದರು ಅರ್ಲೆಟ್. ಬುಧವಾರ ನಮಗೇನು ಕೆಲಸವೋ ನನಗೆ ಗೊತ್ತಿಲ್ಲ.

ವಾಪಸ್ ಬರುವಾಗ ನದಿ ನೋಡಬೇಕೆಂದರು. ದಂಡೆಯ ಮೇಲೆ ಕಾರು ನಿಲ್ಲಿಸಿದೆ. ನೋಡುತ್ತಾ ನೋಡುತ್ತಾ ಹಾಗೇ ನಿದ್ದೆ ಹೋದರು. ಮಧ್ಯಾಹ್ನದ ಮೂರು ಗಂಟೆ. ತೊಟ್ಟಿ ಕಲಕುವುದಿತ್ತು, ತೋಟಕ್ಕೆ ಹೋಗುವುದಿತ್ತು. ಕಾರು ಶುರು ಮಾಡಿದರೆ ಎಚ್ಚರವಾಗುತ್ತದೆ ಎಂದು ಸುಮ್ಮನೆ ಕೂತೆ. ಒಂದು ಗಂಟೆ ಆಗಿರಬೇಕು. ಕಿಟಕಿ ತೆರೆದಿತ್ತು. ಎದುರಿನ ಮರಳದಿಬ್ಬದ ಮೇಲೆ ಕೊಕ್ಕರೆಯೊಂದು ಅತ್ತಿಂದಿತ್ತ ಓಡಾಡುತ್ತಿತ್ತು.

ಆಗ ಏನೋ ಒಂದು ಬಂತು. ಗಾಳಿಯ ಜೊತೆ ಬಂದು, ಇತ್ತು, ಹೋಯಿತು. ಹಸಿಯೋ, ಸಿಹಿಯೋ, ಕೊಳೆತದ್ದೋ ತಿಳಿಯಲಿಲ್ಲ; ಹೆಸರು ಹಿಡಿಯುವಷ್ಟರಲ್ಲಿ ಇರಲಿಲ್ಲ. ಉಸಿರು ಎಳೆದೆಳೆದು ಕಾದೆ. ಮತ್ತೆ ಬರಲಿಲ್ಲ.

ಅವರು ಎದ್ದ ಕೂಡಲೇ ಕೇಳಿದೆ. "ಅರ್ಲೆಟ್, ಹದಿನೈದು ನಿಮಿಷದ ಹಿಂದೆ ಇಲ್ಲಿ ಏನು ವಾಸನೆ ಇತ್ತು?"

ಅವರು ಕಣ್ಣುಜ್ಜಿಕೊಂಡು ನನ್ನನ್ನೇ ನೋಡಿದರು. ಹೊಳೆಯ ಕಡೆ ನೋಡಿದರು. ಮತ್ತೆ ನನ್ನನ್ನು ನೋಡಿದರು.

"ನಿದ್ದೆ ಮಾಡ್ತಿದ್ದವಳನ್ನ ಕೇಳ್ತೀಯಲ್ಲ, ಹುಡುಗಿ!" ಎಂದರು. "ಎಚ್ಚರ ಇದ್ದವಳು ನೀನು. ನೀನು ಹೇಳು, ನಾನು ಕೇಳ್ತೀನಿ."